ಮೆಯ್ ಲಾನ್‌ಫಾಂಗ್: ಚೀನೀ ರಂಗಪರಂಪರೆಯಲ್ಲಿ ರೂಪ ಮತ್ತು ಪರಿವರ್ತನೆ

ಪರಂಪರೆಯಿಂದ ಬಂದ ಯಾವುದೇ ಪ್ರದರ್ಶನ ಕಲೆಯನ್ನು ಕುರಿತು ವಿಚಾರ ಮಾಡುವಾಗ ಒಂದು ಪ್ರಶ್ನೆ ಅನಿವಾರ್ಯವಾಗಿ ಎದುರಾಗುತ್ತದೆ. ಆ ಕಲೆಯಲ್ಲಿ ಎಷ್ಟನ್ನು ಬದಲಾಯಿಸಿದರೂ ಅದು ಅದೇ ಕಲೆಯಾಗಿ ಉಳಿಯುತ್ತದೆ, ಯಾವುದನ್ನು ಬದಲಾಯಿಸಿದರೆ ಅದು ಬೇರೊಂದಾಗಿಬಿಡುತ್ತದೆ ಎಂಬುದೇ ಆ ಪ್ರಶ್ನೆ. ಇಪ್ಪತ್ತನೆಯ ಶತಮಾನದಲ್ಲಿ ಇದನ್ನು ಸಿದ್ಧಾಂತದ ಮಟ್ಟದಲ್ಲಿ ಚರ್ಚಿಸಿದವರು ಅನೇಕರಿದ್ದಾರೆ. ತಮ್ಮ ದೇಹ, ಕಂಠ ಮತ್ತು ವೃತ್ತಿಜೀವನದ ಮೂಲಕವೇ ಅದನ್ನು ಐದು ದಶಕಗಳಿಗೂ ಹೆಚ್ಚು ಕಾಲ ಎದುರಿಸಿದವರಲ್ಲಿ ಚೀನಾದ ನಟ ಮೆಯ್ ಲಾನ್‌ಫಾಂಗ್ (1894–1961) ಅಗ್ರಗಣ್ಯರು. ಪೀಕಿಂಗ್ ಆಪೆರಾ ಎಂದು ಹೊರಜಗತ್ತು ಕರೆಯುವ, ಚೀನೀ ಭಾಷೆಯಲ್ಲಿ ಜಿಂಗ್‌ಜು ಎನಿಸಿಕೊಂಡಿರುವ ರಂಗಪ್ರಕಾರದಲ್ಲಿ ಸ್ತ್ರೀವೇಷವನ್ನು ಧರಿಸಿ ಅವರು ಗಳಿಸಿದ ಕೀರ್ತಿ ಅಸಾಧಾರಣವಾದುದು.

ಕನ್ನಡದ ರಂಗಾಸಕ್ತರಿಗೆ ಮೆಯ್ ಅವರ ಹೆಸರು ಬಹುಮಟ್ಟಿಗೆ ಬ್ರೆಕ್ಟ್‌ನ ಮೂಲಕ ಬಂದದ್ದು. ಜರ್ಮನ್ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್ ತನ್ನ ದೂರೀಕರಣ ತತ್ತ್ವವನ್ನು ವಿವರಿಸುವಾಗ ಚೀನೀ ನಟನೊಬ್ಬನ ಅಭಿನಯವನ್ನು ಉದಾಹರಿಸಿದ್ದು, ಆ ನಟ ಮೆಯ್ ಆಗಿದ್ದದ್ದು ಪ್ರಸಿದ್ಧ ಸಂಗತಿ. ಆದರೆ ಈ ದಾರಿಯಿಂದ ಬಂದ ಮೆಯ್ ಕಾಲಾತೀತವಾದ ಒಂದು ಪ್ರಾಚೀನ ಕಲೆಯ ಮೂಕ ಪ್ರತಿನಿಧಿಯಂತೆ ತೋರುತ್ತಾರೆ. ಅವರ ಜೀವನವನ್ನು ಅನುಕ್ರಮವಾಗಿ ಪರಿಶೀಲಿಸಿದರೆ ಬೇರೆಯೇ ಚಿತ್ರ ದೊರೆಯುತ್ತದೆ. ಜಗತ್ತು ಪ್ರಾಚೀನವೆಂದು ಕಂಡು ಮೆಚ್ಚಿದ ಎಷ್ಟೋ ಅಂಶಗಳು ಮೆಯ್ ಮತ್ತು ಅವರ ಸಂಗಡಿಗರು ಆಗತಾನೇ ರೂಪಿಸಿದವುಗಳಾಗಿದ್ದವು. ಅವರು ನಿರಂತರವಾಗಿ ಬದಲಾವಣೆಗಳನ್ನು ತಂದರು. ಆದರೆ ಆ ಬದಲಾವಣೆ ಪ್ರೇಕ್ಷಕನ ಕಣ್ಣಿಗೆ ಬಿರುಕಾಗಿ ಕಾಣದಂತೆ ತಂದರು. ಈ ವಿಧಾನದ ಸ್ವರೂಪವನ್ನೂ ಅದಕ್ಕಾಗಿ ಅವರು ತೆತ್ತ ಬೆಲೆಯನ್ನೂ ಅವರ ಜೀವನಕ್ರಮದ ಹಿನ್ನೆಲೆಯಲ್ಲಿ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮನೆತನ ಮತ್ತು ಶಿಕ್ಷಣ

ಜಿಂಗ್‌ಜು ಬಹಳ ಪುರಾತನವಾದ ಪ್ರಕಾರವಲ್ಲ. 1790ರಲ್ಲಿ ಚಿಯೆನ್‌ಲಾಂಗ್ ಚಕ್ರವರ್ತಿಯ ಎಂಬತ್ತನೆಯ ಹುಟ್ಟುಹಬ್ಬದ ನಿಮಿತ್ತ ಆನ್‌ಹುಯ್ ಪ್ರಾಂತದ ಶೈಲಿಯ ಮೇಳಗಳು ರಾಜಧಾನಿ ಬೀಜಿಂಗ್‌ಗೆ ಬಂದು ನೆಲೆಸಿದವು. ಅವುಗಳ ಸಂಗೀತವು ಹೂಬೆಯ್ ಪ್ರಾಂತದ ಗಾಯನದೊಂದಿಗೂ ಇತರ ಪ್ರಾದೇಶಿಕ ಪ್ರಕಾರಗಳೊಂದಿಗೂ ಬೆರೆತು, ಹತ್ತೊಂಬತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಜಿಂಗ್‌ಜು ತನ್ನ ಸ್ಪಷ್ಟ ರೂಪವನ್ನು ಪಡೆಯಿತು. ಪುರುಷಪಾತ್ರಗಳಾದ ಶೆಂಗ್, ಸ್ತ್ರೀಪಾತ್ರಗಳಾದ ದಾನ್, ಬಣ್ಣದ ಮುಖವರ್ಣಿಕೆಯ ಜಿಂಗ್, ಹಾಸ್ಯದ ಚೌ ಎಂಬ ನಾಲ್ಕು ಪಾತ್ರವರ್ಗಗಳು ಅದರ ಆಧಾರ. ಒಂದು ಮೇಜು, ಎರಡು ಕುರ್ಚಿಗಳಷ್ಟೇ ಇರುವ ರಂಗದ ಮೇಲೆ ಅರಮನೆ, ಬೆಟ್ಟ, ಸೆರೆಮನೆಗಳೆಲ್ಲವನ್ನೂ ನಟನ ಆಂಗಿಕಾಭಿನಯವೇ ಕಟ್ಟಿಕೊಡಬೇಕಾಗಿತ್ತು. ಚಿಂಗ್ ಆಳ್ವಿಕೆಯಲ್ಲಿ ರಾಜಧಾನಿಯ ಸಾರ್ವಜನಿಕ ರಂಗದಿಂದ ಸ್ತ್ರೀಯರನ್ನು ದೂರವಿಟ್ಟಿದ್ದುದರಿಂದ ದಾನ್ ಪಾತ್ರಗಳು ಪುರುಷರ ಪಾಲಿಗೆ ಬಂದವು.

ಮೆಯ್ ಅವರು 1894ರ ಅಕ್ಟೋಬರ್ 22ರಂದು ಬೀಜಿಂಗ್‌ನ ಇಂತಹ ಒಂದು ನಟ ಮನೆತನದಲ್ಲಿ ಜನಿಸಿದರು. ಮನೆತನದ ಮೂಲ ಊರು ಜಿಯಾಂಗ್‌ಸು ಪ್ರಾಂತದ ತಾಯ್‌ಜೌ. ಅಜ್ಜ ಮೆಯ್ ಚಿಯಾವ್‌ಲಿಂಗ್ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಹೆಸರಾಂತ ಸ್ತ್ರೀವೇಷಧಾರಿ. ಆ ಕಾಲದ ಹದಿಮೂರು ಶ್ರೇಷ್ಠ ನಟರನ್ನು ಒಟ್ಟಿಗೆ ಚಿತ್ರಿಸಿದ ಪ್ರಸಿದ್ಧ ವರ್ಣಚಿತ್ರದಲ್ಲಿ ಅವರಿಗೂ ಸ್ಥಾನವಿದೆ. ತಂದೆ ಮೆಯ್ ಜುಫೆನ್ ಅದೇ ವೃತ್ತಿಯಲ್ಲಿದ್ದು ಮಗ ಇನ್ನೂ ಎಳೆಯನಾಗಿದ್ದಾಗಲೇ ತೀರಿಕೊಂಡರು. ದೊಡ್ಡಪ್ಪ ಮೆಯ್ ಯುತಿಯಾನ್ ಕಮಾನಿನಿಂದ ನುಡಿಸುವ ಎರಡು ತಂತಿಯ ವಾದ್ಯದಲ್ಲಿ ನಿಪುಣರು. ಆ ಯುಗದ ಮಹಾನಟ ತಾನ್ ಶಿನ್‌ಪೇಯ್ ಅವರಿಗೆ ಹಿಮ್ಮೇಳ ಒದಗಿಸುತ್ತಿದ್ದವರು. ಬಾಲಕನ ಪೋಷಣೆಯ ಹೊಣೆ ಅವರ ಮೇಲೆ ಬಿದ್ದಿತು. ಮನೆತನದ ಹೆಸರು ದೊಡ್ಡದಾಗಿದ್ದರೂ ಆರ್ಥಿಕ ಸ್ಥಿತಿ ಕುಸಿದಿತ್ತು. ಹದಿಹರೆಯದಲ್ಲಿಯೇ ತಾಯಿಯನ್ನೂ ಕಳೆದುಕೊಂಡ ಮೆಯ್‌ಗೆ ರಂಗಭೂಮಿ ಆಯ್ಕೆಯಾಗಿರಲಿಲ್ಲ, ಜೀವನೋಪಾಯವಾಗಿತ್ತು.

ನಟವೃತ್ತಿಯ ಸಾಮಾಜಿಕ ಸ್ಥಾನವನ್ನೂ ಇಲ್ಲಿ ಗಮನಿಸಬೇಕು. ಚಿಂಗ್ ಕಾಲದಲ್ಲಿ ನಟರನ್ನು ಹೀನವರ್ಗಕ್ಕೆ ಸೇರಿಸಲಾಗಿತ್ತು. ರಾಜ್ಯಾಡಳಿತದ ಪರೀಕ್ಷೆಗಳಿಗೆ ಕುಳಿತುಕೊಳ್ಳುವ ಹಕ್ಕು ಅವರಿಗೆ ಇರಲಿಲ್ಲ. ಸ್ತ್ರೀವೇಷ ಕಲಿಯುವ ಬಾಲಕರು ಖಾಸಗಿ ತರಬೇತಿ ಮನೆಗಳಲ್ಲಿ ಬೆಳೆದು, ಶ್ರೀಮಂತ ಪೋಷಕರ ಔತಣಗಳಲ್ಲಿ ಅವರನ್ನು ರಂಜಿಸಬೇಕಾದ ಪದ್ಧತಿಯೂ ಇತ್ತು. ಗಣರಾಜ್ಯ ಸ್ಥಾಪನೆಯಾದ 1912ರಲ್ಲಿ ತಿಯಾನ್ ಜಿಯುನ್ ಎಂಬ ನಟನ ಪ್ರಯತ್ನದ ಫಲವಾಗಿ ಈ ಪದ್ಧತಿ ನಿಷೇಧಕ್ಕೊಳಗಾಯಿತು. ಮೆಯ್ ಅವರ ತಲೆಮಾರು ಈ ಎರಡು ಯುಗಗಳ ಹೊಸ್ತಿಲಲ್ಲಿ ನಿಂತಿತ್ತು. ಮುಂದೆ ಅವರು ತಮ್ಮ ಕಲೆಯ ಘನತೆಯ ವಿಷಯದಲ್ಲಿ ತೋರಿದ ಎಚ್ಚರದ ಬೇರುಗಳು ಈ ಹಿನ್ನೆಲೆಯಲ್ಲಿವೆ.

ಎಂಟನೆಯ ವಯಸ್ಸಿನಲ್ಲಿ ಕಲಿಕೆ ಆರಂಭವಾಯಿತು. ಮೊದಲ ಗುರು ಬಾಲಕನಲ್ಲಿ ಪ್ರತಿಭೆಯಿಲ್ಲವೆಂದು ಕೈಬಿಟ್ಟರು. ಮುಖದಲ್ಲಿ ಚುರುಕಿರಲಿಲ್ಲ, ರೆಪ್ಪೆಗಳು ಜೋಲುತ್ತಿದ್ದವು, ಸ್ವಲ್ಪ ಸಮೀಪದೃಷ್ಟಿಯೂ ಇತ್ತು. ಅನಂತರ ದೊರೆತ ವು ಲಿಂಗ್‌ಶಿಯಾನ್ ತಾಳ್ಮೆಯ ಗುರು. ಒಂದೊಂದು ಹಾಡಿನ ಭಾಗವನ್ನೂ ಇಪ್ಪತ್ತು ಮೂವತ್ತು ಸಲ ಹಾಡಿಸುವುದು, ಎಣಿಕೆ ತಪ್ಪದಂತೆ ಪ್ರತಿ ಆವೃತ್ತಿಗೂ ಒಂದು ನಾಣ್ಯವನ್ನು ಸರಿಸುವುದು ಅವರ ಕ್ರಮ. 1904ರಲ್ಲಿ, ಹತ್ತರ ಹರೆಯದಲ್ಲಿ, ಮೆಯ್ ಮೊದಲ ಬಾರಿಗೆ ನೇಯ್ಗೆಯ ದೇವಕನ್ಯೆಯ ಪಾತ್ರದಲ್ಲಿ ರಂಗವೇರಿದರು. ಕಣ್ಣಿನ ದೋಷವನ್ನು ಅವರು ನೀಗಿಕೊಂಡ ಬಗೆ ಪ್ರಸಿದ್ಧವಾಗಿದೆ. ತಾರುಣ್ಯದಲ್ಲಿ ಪಾರಿವಾಳಗಳನ್ನು ಸಾಕಿದ ಅವರು ಆಕಾಶದಲ್ಲಿ ದೂರ ದೂರ ಹಾರುವ ತಮ್ಮ ಹಕ್ಕಿಗಳನ್ನು ಗುರುತಿಸುತ್ತ, ಉದ್ದನೆಯ ಬಿದಿರಗಳುವಿನಿಂದ ಅವುಗಳಿಗೆ ಸಂಜ್ಞೆ ಮಾಡುತ್ತ ವರ್ಷಗಳನ್ನು ಕಳೆದರು. ದೃಷ್ಟಿ ಚುರುಕಾಯಿತು, ತೋಳುಗಳಿಗೆ ಭಾರವಾದ ಉಡುಪನ್ನು ನಿರಾಯಾಸವಾಗಿ ನಿರ್ವಹಿಸುವ ಶಕ್ತಿ ಬಂದಿತು. ಮುಂದೆ ವಿಮರ್ಶಕರೆಲ್ಲ ಕೊಂಡಾಡಿದ ನೇತ್ರಾಭಿನಯ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಅಭ್ಯಾಸದಿಂದ ಸಿದ್ಧಿಸಿದ್ದು.

2. ಷಾಂಘೈ ಅನುಭವ ಮತ್ತು ಹೊಸ ಪ್ರಯೋಗಗಳು

ಅಂದಿನ ದಾನ್ ಪಾತ್ರಗಳಲ್ಲಿ ಉಪಭೇದಗಳ ಗೆರೆಗಳು ಬಿಗಿಯಾಗಿದ್ದವು. ಚಿಂಗ್‌ಯೀ ಎಂಬುದು ಗಂಭೀರಳಾದ ಕುಲಸ್ತ್ರೀಯ ಪಾತ್ರ. ಅಲ್ಲಿ ಹಾಡುಗಾರಿಕೆಯೇ ಸರ್ವಸ್ವ. ನಟ ಕೈಗಳನ್ನು ಹೊಟ್ಟೆಯ ಮೇಲಿರಿಸಿಕೊಂಡು ಅಲುಗಾಡದೆ ಹಾಡುತ್ತಿದ್ದ. ಹ್ವಾದಾನ್ ಎಂಬುದು ಚೆಲ್ಲಾಟದ, ಮಾತುಗಾರಿಕೆಯ ಪಾತ್ರ. ಯುದ್ಧವೇಷದ ಸ್ತ್ರೀಪಾತ್ರಗಳು ಬೇರೆಯೇ ನಟರಿಗೆ ಮೀಸಲು. ಹಿರಿಯ ನಟ ವಾಂಗ್ ಯಾವ್‌ಚಿಂಗ್ ಈ ಗೆರೆಗಳನ್ನು ಸಡಿಲಿಸಲು ಆರಂಭಿಸಿದ್ದರು. ಅವರಿಂದ ಪಾಠ ಪಡೆದ ಮೆಯ್ ಆ ಕೆಲಸವನ್ನು ಪೂರ್ಣಗೊಳಿಸಿದರು. ಗಾಯನ, ನೃತ್ಯ, ಅಭಿನಯ, ಶಸ್ತ್ರಚಾಲನೆಗಳೆಲ್ಲ ಒಂದೇ ಪಾತ್ರದಲ್ಲಿ ಸೇರುವ ಈ ಹೊಸ ಬಗೆಗೆ ಹ್ವಾಶಾನ್ ಎಂಬ ಹೆಸರು ಬಂದಿತು.

ಈ ದಿಕ್ಕಿನಲ್ಲಿ ಅವರಿಗೆ ದೊರೆತ ಮುಖ್ಯ ಸಹಾಯ ಚೀ ರುಷಾನ್ ಎಂಬ ವಿದ್ವಾಂಸನದು. ಯುರೋಪನ್ನು ನೋಡಿಬಂದಿದ್ದ ಚೀ 1912ರ ಸುಮಾರಿಗೆ ಮೆಯ್ ಅವರ ಒಂದು ನಾಟಕವನ್ನು ನೋಡಿ ದೀರ್ಘವಾದ ಪತ್ರ ಬರೆದರು. ಹದಿನೆಂಟು ವರ್ಷಗಳ ಬಳಿಕ ಹಿಂದಿರುಗಿದ ಗಂಡ ಗುಹೆಯ ಬಾಗಿಲಲ್ಲಿ ನಿಂತು ತಮ್ಮ ಮದುವೆಯ ಕಥೆಯನ್ನು ಹಾಡುತ್ತಾನೆ. ಒಳಗಿರುವ ಹೆಂಡತಿ ಸಂಪ್ರದಾಯದಂತೆ ನಿಶ್ಚಲಳಾಗಿ ಕುಳಿತು ಅವನ ಹಾಡು ಮುಗಿಯುವುದನ್ನು ಕಾಯುತ್ತಾಳೆ. ಕೇಳಿಸಿಕೊಳ್ಳುತ್ತಿರುವವಳ ಮನಸ್ಸಿನಲ್ಲಿ ಏನೂ ನಡೆಯದಿರಲು ಹೇಗೆ ಸಾಧ್ಯ ಎಂಬುದು ಚೀ ಅವರ ಆಕ್ಷೇಪಣೆಯ ತಿರುಳು. ಅಪರಿಚಿತನೊಬ್ಬನ ಟೀಕೆಯನ್ನು ತಿರಸ್ಕರಿಸುವುದು ಸುಲಭವಾಗಿತ್ತು. ಮುಂದಿನ ಪ್ರದರ್ಶನದಲ್ಲಿ ಮೆಯ್ ಹಾಡಿನ ಒಂದೊಂದು ಸಾಲಿಗೂ ತಕ್ಕಂತೆ ಸಂದೇಹ, ನೆನಪು, ನಂಬಿಕೆಗಳನ್ನು ಮೌನವಾಗಿ ಅಭಿನಯಿಸಿದರು. ಹಾಡು ಅದೇ, ರಾಗ ಅದೇ, ನಟರು ನಿಂತ ಸ್ಥಾನಗಳೂ ಅವೇ. ದೃಶ್ಯ ಮಾತ್ರ ಹೊಸದಾಯಿತು. ಮುಂದಿನ ಎರಡು ದಶಕಗಳ ಕಾಲ ಚೀ ರುಷಾನ್ ಮೆಯ್ ಅವರ ಸಾಹಿತ್ಯಕ ಸಹಯೋಗಿಯಾಗಿ ಉಳಿದರು.

1913ರಲ್ಲಿ ಮೆಯ್ ಹಿರಿಯ ನಟ ವಾಂಗ್ ಫೆಂಗ್‌ಚಿಂಗ್ ಅವರೊಂದಿಗೆ ಮೊದಲ ಬಾರಿ ಷಾಂಘೈಗೆ ತೆರಳಿದರು. ಪ್ರದರ್ಶನದ ಕೊನೆಯ ಹಾಗೂ ಮುಖ್ಯ ನಾಟಕವನ್ನು ನಡೆಸುವ ಗೌರವ ಅವರಿಗೆ ಅಲ್ಲಿ ಮೊದಲಿಗೆ ಲಭಿಸಿತು. ಅದಕ್ಕಾಗಿ ಅವರು ಆಯ್ದುಕೊಂಡದ್ದು ಯುದ್ಧವೇಷದ ಸ್ತ್ರೀಪಾತ್ರ. ಚಿಂಗ್‌ಯೀ ನಟನೊಬ್ಬ ಹಾಗೆ ಮಾಡುವುದು ಆ ಕಾಲಕ್ಕೆ ಸಾಹಸವೇ ಆಗಿತ್ತು. ಷಾಂಘೈ ನಗರದ ವಿದ್ಯುದ್ದೀಪಗಳು, ಆಧುನಿಕ ರಂಗಮಂದಿರಗಳು, ಸಮಕಾಲೀನ ವಿಷಯಗಳನ್ನು ಕುರಿತ ಹೊಸ ಬಗೆಯ ನಾಟಕಗಳು ಅವರ ಮೇಲೆ ಆಳವಾದ ಪ್ರಭಾವ ಬೀರಿದವು. ಬೀಜಿಂಗ್‌ಗೆ ಹಿಂದಿರುಗಿದ ಮೇಲೆ ಅವರು ಸಮಕಾಲೀನ ಉಡುಪಿನಲ್ಲಿ ಕೆಲವು ನಾಟಕಗಳನ್ನು ಆಡಿದರು. ಹೆಣ್ಣುಮಕ್ಕಳ ಮಾರಾಟ, ಹಿರಿಯರು ಗೊತ್ತುಪಡಿಸಿದ ವಿವಾಹದ ದುರಂತ, ಮೂಢನಂಬಿಕೆ ಮುಂತಾದವು ಅವುಗಳ ವಸ್ತು. ಪ್ರೇಕ್ಷಕರು ಕಿಕ್ಕಿರಿದು ಬಂದರೂ ಕೆಲವೇ ವರ್ಷಗಳಲ್ಲಿ ಮೆಯ್ ಈ ಮಾರ್ಗವನ್ನು ಕೈಬಿಟ್ಟರು. ನಿತ್ಯಜೀವನದ ಉಡುಪು ತೊಟ್ಟು ನಿತ್ಯಜೀವನದ ಚಲನೆಗಳನ್ನು ಮಾಡುವ ಪಾತ್ರಕ್ಕೆ ಹಾಡು ಮತ್ತು ನೃತ್ಯ ಹೊಂದಿಕೊಳ್ಳುವುದಿಲ್ಲ ಎಂಬುದು ಅವರಿಗೆ ಅನುಭವದಿಂದ ತಿಳಿದಿತ್ತು. ಜಿಂಗ್‌ಜುವಿನಲ್ಲಿ ತೋಳಿನ ನೀಳ ಬಿಳಿ ಪಟ್ಟಿ ಕೇವಲ ಅಲಂಕಾರವಲ್ಲ; ದುಃಖ, ನಾಚಿಕೆ, ಕೋಪಗಳನ್ನು ನುಡಿಯುವ ಅಂಗ. ಅದನ್ನು ತೆಗೆದರೆ ನಟನ ನಾಲಗೆಯನ್ನೇ ತೆಗೆದಂತಾಗುತ್ತದೆ.

ಹೀಗಾಗಿ ಅವರು ಎದುರು ದಿಕ್ಕಿಗೆ ಹೊರಳಿದರು. 1915ರಲ್ಲಿ ಚಂದ್ರಲೋಕಕ್ಕೆ ಹಾರುವ ಛಾಂಗ್‌ಅ ದೇವಿಯ ಕಥೆ, ಮರುವರ್ಷ ಹೂಗಳನ್ನು ಹೂಳುವ ದಾಯ್‌ಯುವಿನ ಕಥೆ, 1917ರಲ್ಲಿ ಹೂ ಚೆಲ್ಲುವ ದೇವಕನ್ಯೆಯ ಕಥೆ ರಂಗಕ್ಕೆ ಬಂದವು. ಈ ನಾಟಕಗಳಿಗಾಗಿ ಮೆಯ್ ಮತ್ತು ಚೀ ಹಳೆಯ ವರ್ಣಚಿತ್ರಗಳನ್ನು ಪರಿಶೀಲಿಸಿ, ಅಲ್ಲಿನ ಸ್ತ್ರೀಯರ ಕೇಶಬಂಧ ಮತ್ತು ಉಡುಪುಗಳಿಂದ ಹೊಸ ವೇಷಭೂಷಣವನ್ನು ರೂಪಿಸಿದರು. ನೃತ್ಯಕ್ಕೆ ಹಿಂದೆಂದೂ ಇಲ್ಲದ ಪ್ರಾಧಾನ್ಯ ಬಂದಿತು. ಭಾರತೀಯರಿಗೆ ಇವುಗಳಲ್ಲಿ ಮೂರನೆಯದು ವಿಶೇಷ ಆಸಕ್ತಿಯದು. ಅದರ ವಸ್ತು ವಿಮಲಕೀರ್ತಿ ನಿರ್ದೇಶವೆಂಬ ಬೌದ್ಧಗ್ರಂಥದಿಂದ ಬಂದದ್ದು. ವೈಶಾಲಿಯ ಗೃಹಸ್ಥ ವಿಮಲಕೀರ್ತಿಯ ರೋಗಶಯ್ಯೆಯ ಬಳಿ ದೇವಕನ್ಯೆ ಹೂಮಳೆಗರೆಯುವ ಪ್ರಸಂಗವನ್ನು ಮೆಯ್ ನೀಳವಾದ ರೇಷ್ಮೆ ಪಟ್ಟಿಗಳ ನೃತ್ಯವಾಗಿ ಮಾರ್ಪಡಿಸಿದರು. 1922ರಲ್ಲಿ ಯಾಂಗ್ ಶಿಯಾವ್‌ಲೋ ಅವರೊಂದಿಗೆ ಆಡಿದ, ಚೂ ರಾಜ ತನ್ನ ಪ್ರಿಯೆಯನ್ನು ಬೀಳ್ಕೊಡುವ ನಾಟಕದಲ್ಲಿ ಖಡ್ಗನೃತ್ಯ ಸೇರಿತು. 1923ರಲ್ಲಿ ಹಿಮ್ಮೇಳಕ್ಕೆ ಅರ್‌ಹು ಎಂಬ ಮೃದುಧ್ವನಿಯ ತಂತಿವಾದ್ಯವನ್ನು ಸೇರಿಸಲಾಯಿತು. ಅದುವರೆಗೆ ತಾರಸ್ವರದ ಜಿಂಗ್‌ಹು ಒಂದೇ ಹಾಡನ್ನು ಅನುಸರಿಸುತ್ತಿತ್ತು. ಇಂದು ಅರ್‌ಹುವಿಲ್ಲದ ಜಿಂಗ್‌ಜು ಸ್ತ್ರೀಗಾಯನವನ್ನು ಊಹಿಸುವುದು ಕಷ್ಟ. ಪ್ರಾಚೀನವೆಂದು ತೋರುವ ಈ ಉಡುಪು, ನೃತ್ಯ, ನಾದಗಳೆಲ್ಲವೂ ಒಂದೇ ದಶಕದ ಸೃಷ್ಟಿಗಳೆಂಬುದು ಗಮನಾರ್ಹ.

3. ಟೀಕೆ ಮತ್ತು ಠಾಗೂರರ ಭೇಟಿ

ಮೆಯ್ ಅವರ ಜನಪ್ರಿಯತೆ ಏರುತ್ತಿದ್ದ ಕಾಲವೇ 1919ರ ಮೇ ನಾಲ್ಕರ ಚಳವಳಿಯ ಕಾಲವೂ ಆಗಿತ್ತು. ಹೊಸ ಸಾಹಿತ್ಯದ ಪ್ರತಿಪಾದಕರಿಗೆ ಹಳೆಯ ರಂಗಭೂಮಿ ಊಳಿಗಮಾನ್ಯ ಸಮಾಜದ ಅವಶೇಷವಾಗಿ ಕಂಡಿತು. ಪುರುಷನು ಸ್ತ್ರೀಯಾಗಿ ನಟಿಸುವುದನ್ನು ಲು ಶುನ್ 1924ರಲ್ಲಿ ವ್ಯಂಗ್ಯಕ್ಕೆ ಗುರಿಪಡಿಸಿದರು; ಹತ್ತು ವರ್ಷಗಳ ಬಳಿಕ ಬರೆದ ಲೇಖನದಲ್ಲಿ ಜನಸಾಮಾನ್ಯರ ನಟನನ್ನು ವಿದ್ವಾಂಸರು ಕಿತ್ತುಕೊಂಡು ಗಾಜಿನ ಕವಚದೊಳಗೆ ಇರಿಸಿದರೆಂದು ಆಕ್ಷೇಪಿಸಿದರು. ಈ ಎರಡನೆಯ ಟೀಕೆ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಚೀ ರುಷಾನ್ ಮೊದಲಾದವರ ಸಹವಾಸದಿಂದ ಮೆಯ್ ಅವರ ನಾಟಕಗಳ ಭಾಷೆ ಹೆಚ್ಚು ಸಂಸ್ಕರಣಗೊಂಡಿತು. ಅವುಗಳಲ್ಲಿದ್ದ ಬೀದಿಯ ಕಸುವು ಕಡಿಮೆಯಾಯಿತು. ನಟನಿಗೆ ಸಾಮಾಜಿಕ ಗೌರವ ದೊರೆಯಬೇಕಾದರೆ ಕಲೆ ಶಿಷ್ಟವಾಗಬೇಕು ಎಂಬ ಒತ್ತಡ ಇದರ ಹಿಂದೆ ಇತ್ತು.

1924ರಲ್ಲಿ ರವೀಂದ್ರನಾಥ ಠಾಗೂರರು ಚೀನಾಕ್ಕೆ ಭೇಟಿಯಿತ್ತರು. ಮೇ 19ರಂದು ಬೀಜಿಂಗ್‌ನಲ್ಲಿ ಮೆಯ್ ಅವರಿಗಾಗಿ ಲೋ ನದಿಯ ದೇವತೆಯ ನಾಟಕವನ್ನು ಪ್ರದರ್ಶಿಸಿದರು. ಠಾಗೂರರು ಅಭಿನಯವನ್ನು ಮೆಚ್ಚಿದರು. ಆದರೆ ಹಿನ್ನೆಲೆಯ ಚಿತ್ರಿತ ಪರದೆ ತೀರ ಸಾಮಾನ್ಯವಾಗಿದೆ, ಪೌರಾಣಿಕ ಲೋಕಕ್ಕೆ ಒಪ್ಪುವ ವರ್ಣವೈಭವ ಅದಕ್ಕಿಲ್ಲ ಎಂಬ ಅಭಿಪ್ರಾಯವನ್ನು ಮುಚ್ಚಿಡಲಿಲ್ಲ. ಮೆಯ್ ಆ ಸಲಹೆಯಂತೆ ಪರದೆಯನ್ನು ಬದಲಾಯಿಸಿದರು. ಠಾಗೂರರು ಬೀಸಣಿಗೆಯೊಂದರ ಮೇಲೆ ಬಂಗಾಳಿಯಲ್ಲಿ ಒಂದು ಕಿರುಗವಿತೆಯನ್ನು ಬರೆದು ಅವರಿಗೆ ಕಾಣಿಕೆಯಾಗಿ ನೀಡಿದರು. ಈ ಭೇಟಿಯನ್ನು ಮೆಯ್ ತಮ್ಮ ಜೀವನದ ಕೊನೆಯ ವರ್ಷ, ಠಾಗೂರರ ಜನ್ಮಶತಮಾನೋತ್ಸವದ ಸಂದರ್ಭದಲ್ಲಿ, ಲೇಖನವೊಂದರಲ್ಲಿ ಸ್ಮರಿಸಿದ್ದಾರೆ.

4. ವಿದೇಶ ಪ್ರವಾಸಗಳು: ಅಮೆರಿಕ

1919 ಮತ್ತು 1924ರಲ್ಲಿ ಜಪಾನಿನಲ್ಲಿ ಯಶಸ್ವಿ ಪ್ರದರ್ಶನಗಳನ್ನು ನೀಡಿದ್ದ ಮೆಯ್ 1930ರಲ್ಲಿ ಅಮೆರಿಕಕ್ಕೆ ಹೊರಟರು. ಸಿದ್ಧತೆ ಹಲವು ವರ್ಷಗಳದು. ಚೀ ರುಷಾನ್ ಅವರು ರಂಗಪರಿಕರ, ಮುಖವರ್ಣಿಕೆ, ವೇಷಭೂಷಣ, ವಾದ್ಯಗಳನ್ನು ಪರಿಚಯಿಸುವ ಚಿತ್ರಪಟಗಳನ್ನು ಬರೆಸಿದರು. ಸಂಗೀತಗಾರ ಲಿಯು ತಿಯಾನ್‌ಹ್ವಾ ಮೆಯ್ ಅವರ ಹಾಡುಗಳನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ದಾಖಲಿಸಿ ಪುಸ್ತಕವಾಗಿಸಿದರು. ಬಾಯಿಂದ ಬಾಯಿಗೆ ಬಂದಿದ್ದ ಒಂದು ಕಲೆ ಪರದೇಶದ ಪ್ರೇಕ್ಷಕರ ನಿಮಿತ್ತವಾಗಿ ತನ್ನನ್ನು ತಾನು ವಿವರಿಸಿಕೊಳ್ಳಬೇಕಾಯಿತು. ಜಿಂಗ್‌ಜುವಿನ ಶಾಸ್ತ್ರೀಯ ಅಧ್ಯಯನಕ್ಕೆ ಇದು ಬಲವಾದ ಪ್ರೇರಣೆಯಾಯಿತು. ಪ್ರವಾಸಕ್ಕೆ ಬೇಕಾದ ದೊಡ್ಡ ಮೊತ್ತವನ್ನು ಬೀಜಿಂಗ್ ಮತ್ತು ಷಾಂಘೈನ ಬ್ಯಾಂಕು ಉದ್ಯಮಿಗಳು ಕೂಡಿಸಿಕೊಟ್ಟರು. ಹೊರಡುವ ಹೊತ್ತಿಗೆ ಅಮೆರಿಕದ ಷೇರುಪೇಟೆ ಕುಸಿದಿತ್ತು. ಸೋತರೆ ಸಾಲವೂ ಅಪಮಾನವೂ ಒಟ್ಟಿಗೇ ಕಾದಿದ್ದವು.

ನ್ಯೂಯಾರ್ಕಿನಲ್ಲಿ ಕಾರ್ಯಕ್ರಮದ ಸ್ವರೂಪವನ್ನು ನಿರ್ಧರಿಸುವಲ್ಲಿ ಜಾಂಗ್ ಪೆಂಗ್‌ಚುನ್ ಪ್ರಧಾನ ಪಾತ್ರ ವಹಿಸಿದರು. ಇವರೇ ಮುಂದೆ 1948ರ ಸಾರ್ವತ್ರಿಕ ಮಾನವ ಹಕ್ಕುಗಳ ಘೋಷಣೆಯ ಕರಡು ರಚನೆಯಲ್ಲಿ ಭಾಗವಹಿಸಿದ ವಿದ್ವಾಂಸರು. ಅವರ ಸಲಹೆಯಂತೆ ದೀರ್ಘ ನಾಟಕಗಳನ್ನು ಬಿಟ್ಟು ಸುಮಾರು ಎರಡು ಗಂಟೆಗಳೊಳಗೆ ಮುಗಿಯುವ ಕೆಲವು ಪ್ರಸಂಗಗಳನ್ನೂ ನೃತ್ಯಗಳನ್ನೂ ಆರಿಸಲಾಯಿತು. ಷಾಂಘೈ ಪ್ರಭಾವದಿಂದ ಬಂದಿದ್ದ ಚಿತ್ರಿತ ಪರದೆಗಳನ್ನು ಕೈಬಿಟ್ಟು ಹಳೆಯ ರಂಗಸ್ಥಳದ ಮಾದರಿಯನ್ನು ನಿಲ್ಲಿಸಲಾಯಿತು. ಅಂದರೆ ಅಮೆರಿಕದ ಪ್ರೇಕ್ಷಕರು ಕಂಡದ್ದು ಅಂದಿನ ಬೀಜಿಂಗ್‌ನ ನಾಟಕಶಾಲೆಯ ನೈಜ ಸ್ಥಿತಿಯನ್ನಲ್ಲ. ವಿದ್ವಾಂಸರು ಶೋಧಿಸಿ, ಸೋಸಿ, ಜೋಡಿಸಿದ ಒಂದು ಶುದ್ಧರೂಪವನ್ನು. ಫೆಬ್ರವರಿಯಲ್ಲಿ ಆರಂಭವಾದ ಪ್ರದರ್ಶನಗಳಿಗೆ ಗೊತ್ತುಪಡಿಸಿದ್ದ ಎರಡು ವಾರಗಳು ಐದು ವಾರಗಳಾದವು. ರಾಜವಂಶದ ಪತನಾನಂತರ ಶತ್ರು ಸೇನಾನಿಯನ್ನು ವಿವಾಹದ ರಾತ್ರಿ ಕೊಲ್ಲುವ ತರುಣಿಯ ಪಾತ್ರ ಭಾಷೆ ಅರಿಯದ ಪ್ರೇಕ್ಷಕರನ್ನೂ ಹಿಡಿದಿಟ್ಟಿತು. ಷಿಕಾಗೋ, ಸ್ಯಾನ್‌ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್, ಹೊನೊಲುಲುಗಳಲ್ಲಿಯೂ ಪ್ರದರ್ಶನಗಳಾದವು. ಚಾರ್ಲಿ ಚಾಪ್ಲಿನ್ ಮೊದಲಾದ ಕಲಾವಿದರ ಪರಿಚಯವಾಯಿತು. ಪೊಮೋನಾ ಕಾಲೇಜು ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟ್ ನೀಡಿದವು. ಮೂರು ದಶಕಗಳ ಹಿಂದೆ ಹೀನವರ್ಗಕ್ಕೆ ಸೇರಿದ್ದ ನಟನೊಬ್ಬ ಡಾಕ್ಟರ್ ಮೆಯ್ ಆಗಿ ತಾಯ್ನಾಡಿಗೆ ಮರಳಿದ್ದು ವೈಯಕ್ತಿಕ ಸಾಧನೆಯನ್ನು ಮೀರಿದ ಸಂಗತಿ.

ಈ ಪ್ರವಾಸದ ಅನುಭವದಿಂದಲೇ 1931ರ ಕೊನೆಯಲ್ಲಿ ಮೆಯ್, ಯು ಷುಯಾನ್ ಮತ್ತು ಚೀ ರುಷಾನ್ ಸೇರಿ ಬೀಜಿಂಗ್‌ನಲ್ಲಿ ರಾಷ್ಟ್ರೀಯ ನಾಟಕದ ಅಧ್ಯಯನ ಸಂಘವನ್ನು ಸ್ಥಾಪಿಸಿದರು. ಹಸ್ತಪ್ರತಿ, ಚಿತ್ರಪಟ, ವಾದ್ಯಗಳ ಸಂಗ್ರಹ, ನಿಯತಕಾಲಿಕಗಳ ಪ್ರಕಟಣೆ, ತರುಣರಿಗೆ ಬೋಧನೆ ಅದರ ಕಾರ್ಯಗಳು. ಚೀನೀ ರಂಗಭೂಮಿಯ ಅಧ್ಯಯನಕ್ಕೆ ನಟರೇ ಮುಂದಾಗಿ ಕಟ್ಟಿದ ಸಂಸ್ಥೆ ಎಂಬ ಕಾರಣಕ್ಕೆ ಇದಕ್ಕೆ ಚಾರಿತ್ರಿಕ ಮಹತ್ವವಿದೆ.

5. ಮಾಸ್ಕೋ, 1935

1931ರಲ್ಲಿ ಜಪಾನ್ ಮಂಚೂರಿಯಾವನ್ನು ಆಕ್ರಮಿಸಿದ ಬಳಿಕ ಮೆಯ್ 1932ರಲ್ಲಿ ಷಾಂಘೈಗೆ ನೆಲೆ ಬದಲಾಯಿಸಿದರು. ಚೀ ರುಷಾನ್ ಬೀಜಿಂಗ್‌ನಲ್ಲಿಯೇ ಉಳಿದರು. 1935ರಲ್ಲಿ ಸೋವಿಯತ್ ಒಕ್ಕೂಟದ ಆಹ್ವಾನದ ಮೇರೆಗೆ ಮೆಯ್ ತಂಡ ಮಾಸ್ಕೋದಲ್ಲಿ ಆರು, ಲೆನಿನ್‌ಗ್ರಾಡಿನಲ್ಲಿ ಎಂಟು ಪ್ರದರ್ಶನಗಳನ್ನು ನೀಡಿ, ಕೊನೆಗೆ ಬೋಲ್ಷೋಯ್ ರಂಗಮಂದಿರದಲ್ಲಿ ಒಂದು ವಿಶೇಷ ಪ್ರದರ್ಶನ ನೀಡಿತು. ಏಪ್ರಿಲ್ 14ರಂದು ನಡೆದ ಚರ್ಚಾಗೋಷ್ಠಿಯ ಅಧ್ಯಕ್ಷರು ನೆಮಿರೊವಿಚ್ ದಾಂಚೆಂಕೊ; ಮೆಯರ್‌ಹೋಲ್ಡ್, ಐಸೆನ್‌ಸ್ಟೈನ್, ತೈರೋವ್, ತ್ರೆತ್ಯಾಕೋವ್ ಮೊದಲಾದವರು ಅದರಲ್ಲಿ ಪಾಲ್ಗೊಂಡರು. ಆ ಹೊತ್ತಿಗೆ ಸೋವಿಯತ್ ಕಲಾವಲಯದಲ್ಲಿ ಸಮಾಜವಾದಿ ವಾಸ್ತವವಾದವು ಅಧಿಕೃತ ನೀತಿಯಾಗಿತ್ತು, ರೂಪಪ್ರಯೋಗ ಮಾಡುವವರ ಮೇಲೆ ಅನುಮಾನದ ಕಣ್ಣು ಬಿದ್ದಿತ್ತು. ಇಂತಹ ಸಂದರ್ಭದಲ್ಲಿ ವಾಸ್ತವದ ಅನುಕರಣೆಯನ್ನು ಬಿಟ್ಟೂ ಜನರನ್ನು ತಲಪಬಲ್ಲ ಒಂದು ರಂಗಭೂಮಿಯನ್ನು ಮೆಯ್ ತಂದು ತೋರಿಸಿದರು. ಮೆಯರ್‌ಹೋಲ್ಡ್ ತನ್ನ ಆ ವರ್ಷದ ನಾಟಕ ಪ್ರಯೋಗವೊಂದನ್ನು ಮೆಯ್ ಅವರಿಗೆ ಅರ್ಪಿಸಿದರು. ತ್ರೆತ್ಯಾಕೋವ್ 1937ರಲ್ಲಿ, ಮೆಯರ್‌ಹೋಲ್ಡ್ 1940ರಲ್ಲಿ ಸ್ಟಾಲಿನ್ ಆಡಳಿತದ ಗುಂಡಿಗೆ ಬಲಿಯಾದುದನ್ನು ನೆನೆದರೆ ಆ ಗೋಷ್ಠಿಯ ಮಾತುಗಳ ಹಿಂದಿನ ತೀವ್ರತೆ ಅರ್ಥವಾಗುತ್ತದೆ. ಸ್ವೀಡನ್ನಿನ ವಿದ್ವಾಂಸ ಲಾರ್ಸ್ ಕ್ಲೆಬರ್ಗ್ ಈ ಗೋಷ್ಠಿಯನ್ನು ಕಲ್ಪಿಸಿಕೊಂಡು ಬರೆದ ನಾಟಕರೂಪದ ಕೃತಿಯನ್ನೇ ಕೆಲಕಾಲ ನಿಜವಾದ ನಡಾವಳಿಯೆಂದು ಭಾವಿಸಲಾಗಿತ್ತು. 1990ರ ದಶಕದಲ್ಲಿ ಮೂಲ ದಾಖಲೆ ಬೆಳಕಿಗೆ ಬಂದ ಮೇಲೆ ಗೊಂದಲ ತಿಳಿಯಾಯಿತು.

ಆಗ ಮಾಸ್ಕೋದಲ್ಲಿದ್ದ ಬ್ರೆಕ್ಟ್, ಮೆಯ್ ಅವರು ಮುಖವರ್ಣಿಕೆಯಿಲ್ಲದೆ, ಪಾಶ್ಚಾತ್ಯ ಉಡುಪಿನಲ್ಲಿ ಕೆಲವು ಚಲನೆಗಳನ್ನು ಮಾಡಿ ತೋರಿಸಿದ್ದನ್ನು ಕಂಡರು. ನಟನು ಪಾತ್ರವಾಗಿಬಿಡದೆ ಪಾತ್ರವನ್ನು ತೋರಿಸುತ್ತಾನೆ ಎಂಬ ತನ್ನ ವಿಚಾರಕ್ಕೆ ಬ್ರೆಕ್ಟ್‌ಗೆ ಇಲ್ಲಿ ಪುಷ್ಟಿ ದೊರೆಯಿತು; 1936ರಲ್ಲಿ ಪ್ರಕಟವಾದ ಲೇಖನದಲ್ಲಿ ಅದನ್ನು ಮಂಡಿಸಿದ. ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸುವುದು ಅಗತ್ಯ. ಸಂಕೇತಬದ್ಧ ಚಲನೆ ಜರ್ಮನ್ ಪ್ರೇಕ್ಷಕನಿಗೆ ಅಪರಿಚಿತವಾದುದರಿಂದ ಅದು ಅವನನ್ನು ದೂರ ನಿಲ್ಲಿಸಿತು. ಬೀಜಿಂಗ್‌ನ ಪ್ರೇಕ್ಷಕನಿಗೆ ಅದೇ ಚಲನೆ ಚಿಕ್ಕಂದಿನಿಂದ ಬಲ್ಲ ಭಾಷೆ. ಅವನು ಅದರ ಮೂಲಕವೇ ಪಾತ್ರದ ಸಮೀಪಕ್ಕೆ ಹೋಗುತ್ತಿದ್ದ. ಪಾತ್ರದ ಭಾವವನ್ನು ಒಳಗೆ ಅನುಭವಿಸದೆ ಚಲನೆಯನ್ನು ಮಾತ್ರ ಮಾಡುವ ನಟನನ್ನು ಮೆಯ್ ಒಪ್ಪುತ್ತಿರಲಿಲ್ಲ ಎಂಬುದು ಅವರ ಆತ್ಮಕಥನದಿಂದ ಸ್ಪಷ್ಟವಾಗುತ್ತದೆ. ಬ್ರೆಕ್ಟ್‌ನ ಓದು ಯುರೋಪಿನ ರಂಗಭೂಮಿಗೆ ಫಲಪ್ರದವಾಯಿತು. ಮೆಯ್ ಅವರ ಕಲೆಯ ವಿವರಣೆಯಾಗಿ ಅದು ಸಾಲದು. 1962ರಲ್ಲಿ ನಿರ್ದೇಶಕ ಹ್ವಾಂಗ್ ಜುವೋಲಿನ್ ಅವರು ಸ್ಟಾನಿಸ್ಲಾವ್‌ಸ್ಕಿ, ಬ್ರೆಕ್ಟ್, ಮೆಯ್ ಈ ಮೂವರನ್ನು ಮೂರು ಭಿನ್ನ ರಂಗದೃಷ್ಟಿಗಳ ಪ್ರತಿನಿಧಿಗಳಾಗಿ ಹೋಲಿಸಿದ್ದರ ಹಿಂದೆ ಈ ಅರಿವು ಇತ್ತು.

6. ಮೌನದ ವರ್ಷಗಳು

1933 ಮತ್ತು 1936ರಲ್ಲಿ ಮೆಯ್ ಆಡಿದ ಎರಡು ಹೊಸ ನಾಟಕಗಳು ಸುಂಗ್ ಕಾಲದ ಕಥೆಗಳ ಮರೆಯಲ್ಲಿ ಆಕ್ರಮಣಕ್ಕೆ ಪ್ರತಿರೋಧವನ್ನು ಸೂಚಿಸಿದ್ದವು. 1937ರಲ್ಲಿ ಷಾಂಘೈ ಜಪಾನೀ ಸೇನೆಯ ವಶವಾದ ಮೇಲೆ ಅವರು 1938ರಲ್ಲಿ ಹಾಂಗ್‌ಕಾಂಗ್‌ಗೆ ತೆರಳಿ, ಕೆಲವು ಪ್ರದರ್ಶನಗಳ ನಂತರ ರಂಗದಿಂದ ದೂರ ಸರಿದರು. 1941ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್ ಕೂಡ ಪತನವಾದಾಗ ಅವರು ಮೀಸೆ ಬಿಟ್ಟರು. ಸ್ತ್ರೀಪಾತ್ರವನ್ನೇ ವೃತ್ತಿಯಾಗಿಸಿಕೊಂಡ ನಟನ ಮುಖದ ಮೇಲಿನ ಮೀಸೆಗಿಂತ ಸ್ಪಷ್ಟವಾದ ನಿರಾಕರಣೆ ಬೇರೊಂದಿಲ್ಲ. 1942ರಲ್ಲಿ ಷಾಂಘೈಗೆ ಮರಳಿದ ಅವರ ಮೇಲೆ ಒತ್ತಡ ಹೆಚ್ಚಿದಾಗ ಚುಚ್ಚುಮದ್ದಿನಿಂದ ಜ್ವರ ಬರಿಸಿಕೊಂಡು ಕಾಯಿಲೆಯ ನೆಪದಿಂದ ಪಾರಾದರು. ಆಸ್ತಿಯನ್ನು ಮಾರಿದರು, ಚಿತ್ರಗಳನ್ನು ಬರೆದು ಮಾರಿದರು. ಚಿ ಬಾಯ್‌ಷಿಯಂತಹ ಶ್ರೇಷ್ಠ ಕಲಾವಿದರಿಂದ ಹಿಂದೆ ಕಲಿತಿದ್ದ ಚಿತ್ರಕಲೆ ಕುಟುಂಬವನ್ನು ಸಾಕಿತು.

ನಲವತ್ತು ದಾಟಿದ ಸ್ತ್ರೀವೇಷಧಾರಿಗೆ ಇಷ್ಟು ವರ್ಷಗಳ ಮೌನವೆಂದರೆ ಕಂಠವನ್ನೇ ಪಣಕ್ಕೊಡ್ಡಿದಂತೆ. ಯುದ್ಧ ಮುಗಿದ 1945ರ ಅಕ್ಟೋಬರಿನಲ್ಲಿ ಅವರು ರಂಗಕ್ಕೆ ಮರಳಿದಾಗ ಐವತ್ತೊಂದು ವರ್ಷ. ಧ್ವನಿ ಕೆಳಗಿಳಿದಿತ್ತು. ಅದಕ್ಕೆ ತಕ್ಕಂತೆ ಶ್ರುತಿಯನ್ನು ಇಳಿಸಿಕೊಂಡು, ಏರುಸ್ವರದ ಬೆಡಗಿಗಿಂತ ಮಧ್ಯಸ್ಥಾಯಿಯ ಸಮತೋಲನಕ್ಕೆ ಒತ್ತು ಕೊಟ್ಟರು. 1948ರಲ್ಲಿ ಫೆಯ್ ಮು ನಿರ್ದೇಶನದಲ್ಲಿ ಅವರ ನಾಟಕವೊಂದು ಚೀನಾದ ಮೊದಲ ವರ್ಣಚಲನಚಿತ್ರವಾಗಿ ಸಿದ್ಧವಾಯಿತು.

7. ಹೆಜ್ಜೆ ಮತ್ತು ಆಕಾರ

1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟ್ ಪಕ್ಷ ಅಧಿಕಾರಕ್ಕೆ ಬಂದಾಗ ಚೀ ರುಷಾನ್ ತೈವಾನ್ ಸೇರಿದರು, ಮೆಯ್ ತಾಯ್ನಾಡಿನಲ್ಲಿಯೇ ಉಳಿದರು. ಆ ವರ್ಷದ ನವೆಂಬರ್ ಆರಂಭದಲ್ಲಿ ತಿಯಾನ್‌ಜಿನ್ ನಗರದ ಪತ್ರಿಕೆಯೊಂದಕ್ಕೆ ನೀಡಿದ ಸಂದರ್ಶನದಲ್ಲಿ ಅವರು ಜಿಂಗ್‌ಜು ಸುಧಾರಣೆಯನ್ನು ಕುರಿತು ತಮ್ಮ ಅಭಿಪ್ರಾಯ ತಿಳಿಸಿದರು. ವಿಚಾರದ ಸುಧಾರಣೆ ಮತ್ತು ರಂಗತಂತ್ರದ ಸುಧಾರಣೆಗಳನ್ನು ಒಂದೆಂದು ಭಾವಿಸಬಾರದು. ಹೆಜ್ಜೆಯನ್ನು ಮುಂದಿಡುತ್ತ ಹೋಗಬೇಕು, ಆಕಾರವನ್ನು ಕೆಡಿಸಬಾರದು ಎಂಬುದು ಅದರ ಸಾರಾಂಶ. ನಾಲ್ಕು ದಶಕಗಳ ಪ್ರಯೋಗದ ಫಲಿತಾಂಶವನ್ನು ನಟನೊಬ್ಬ ಸಂಗ್ರಹವಾಗಿ ಹೇಳಿದ ಮಾತಿದು. ಹೊಸ ಆಡಳಿತದ ಸಾಂಸ್ಕೃತಿಕ ವಲಯದಲ್ಲಿ ಇದು ಸುಧಾರಣೆಗೆ ಒಡ್ಡಿದ ತಡೆಯಾಗಿ ಕಂಡಿತು. ಖಂಡನೆಯ ಲೇಖನಗಳು ಸಿದ್ಧವಾದರೂ ಮೆಯ್ ಅವರ ಪ್ರತಿಷ್ಠೆಯನ್ನು ಗಮನಿಸಿ ಅವು ಪ್ರಕಟವಾಗದಂತೆ ನೋಡಿಕೊಳ್ಳಲಾಯಿತು. ಬದಲಿಗೆ ಅದೇ ತಿಂಗಳ ಕೊನೆಯಲ್ಲಿ ತಿಯಾನ್‌ಜಿನ್‌ನಲ್ಲಿ ಸಭೆಯೊಂದು ಏರ್ಪಟ್ಟಿತು. ಅಲ್ಲಿ ಮೆಯ್, ವಸ್ತು ಮತ್ತು ರೂಪಗಳನ್ನು ಬೇರ್ಪಡಿಸಲಾಗದು, ಹೆಜ್ಜೆ ಮುಂದಿಟ್ಟರೆ ಆಕಾರವೂ ಬದಲಾಗಲೇಬೇಕು ಎಂದು ತಮ್ಮ ಮಾತನ್ನು ಹಿಂದಕ್ಕೆ ಪಡೆದರು.

ಇದಾದ ಬಳಿಕ ಗೌರವಗಳಿಗೆ ಕೊರತೆಯಾಗಲಿಲ್ಲ. 1951ರಲ್ಲಿ ಸ್ಥಾಪಿತವಾದ ಚೀನೀ ಸಾಂಪ್ರದಾಯಿಕ ರಂಗಭೂಮಿ ಸಂಶೋಧನಾ ಸಂಸ್ಥೆಗೂ 1955ರ ಚೀನಾ ಜಿಂಗ್‌ಜು ನಾಟಕಸಂಸ್ಥೆಗೂ ಅವರೇ ಅಧ್ಯಕ್ಷರಾದರು. ಅದೇ 1951ರ ಮೇ ತಿಂಗಳ ಸರ್ಕಾರಿ ನಿರ್ದೇಶನ ನಾಟಕಗಳ, ನಟರ ಮತ್ತು ಮೇಳವ್ಯವಸ್ಥೆಯ ಸುಧಾರಣೆಯನ್ನು ವಿಧಿಸಿತು. 1950ರಿಂದ 1952ರವರೆಗೆ ಇಪ್ಪತ್ತಾರು ನಾಟಕಗಳು ನಿಷೇಧಕ್ಕೊಳಗಾದವು. ಮೆಯ್ ಹೊಸ ನಾಟಕಗಳ ರಚನೆಯಿಂದ ಬಹುಮಟ್ಟಿಗೆ ದೂರ ಉಳಿದು, ಆಯ್ದ ಕೆಲವು ಹಳೆಯ ನಾಟಕಗಳನ್ನು ತಿದ್ದಿ ತೀಡುವುದರಲ್ಲಿ ನಿರತರಾದರು. ಶು ಜಿಚುವಾನ್ ಅವರಿಗೆ ಹೇಳಿ ಬರೆಸಿದ, ರಂಗಜೀವನದ ನಲವತ್ತು ವರ್ಷಗಳ ಆತ್ಮಕಥನ 1950ರಿಂದ ಷಾಂಘೈನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಅನಂತರ ಸಂಪುಟಗಳಾಗಿ ಪ್ರಕಟವಾಯಿತು. ನಟನ ದೃಷ್ಟಿಯಿಂದ ಒಂದೊಂದು ಚಲನೆಯ ಚರಿತ್ರೆಯನ್ನೂ ದಾಖಲಿಸಿರುವ ಈ ಗ್ರಂಥಕ್ಕೆ ಸಮನಾದ ಕೃತಿಗಳು ಏಷ್ಯಾದ ರಂಗಸಾಹಿತ್ಯದಲ್ಲಿ ವಿರಳ.

ಸಭೆಯಲ್ಲಿ ಕೈಬಿಟ್ಟ ತತ್ತ್ವವನ್ನು ಅವರು ರಂಗದಲ್ಲಿ ಕೈಬಿಡಲಿಲ್ಲವೆಂಬುದಕ್ಕೆ ಮದ್ಯಪಾನ ಮಾಡಿದ ರಾಜಪ್ರಿಯೆ ಯಾಂಗ್‌ಳ ನಾಟಕ ಉತ್ತಮ ನಿದರ್ಶನ. ಚಕ್ರವರ್ತಿ ಬಾರದಿದ್ದಾಗ ಒಬ್ಬಳೇ ಕುಡಿದು ಮತ್ತಳಾಗುವ ಈ ಪಾತ್ರ ಹಿಂದೆ ಶೃಂಗಾರದ ಅತಿರೇಕಕ್ಕೆ ಹೆಸರಾಗಿತ್ತು. ಕಾಲುಗಳನ್ನು ಹೆಣೆದುಕೊಂಡು ದೇಹವನ್ನು ತಿರುಗಿಸುತ್ತ ನೆಲದವರೆಗೆ ಬಾಗಿ ಮಲಗುವ ಒಂದು ಕಠಿಣ ಭಂಗಿ ಅದರಲ್ಲಿದೆ. ಮತ್ತೆ ಮತ್ತೆ ಬರುವ ಈ ಭಂಗಿಗೆ ಕಸರತ್ತಿನ ಹೊರತು ಬೇರೆ ಅರ್ಥವಿರಲಿಲ್ಲ. ಹಾಂಗ್‌ಕಾಂಗ್‌ನಲ್ಲಿ ರಂಗವಿಲ್ಲದೆ ಕಳೆದ ದಿನಗಳಲ್ಲಿ ಮೆಯ್ ಒಮ್ಮೆ ಮನೆಯ ಮುಂದಿನ ಹೂಗಿಡಕ್ಕೆ ಬಾಗಿ ಮೂಸಿದಾಗ ತಮ್ಮ ದೇಹ ಆ ಭಂಗಿಯನ್ನೇ ತಾಳಿದ್ದು ಗಮನಕ್ಕೆ ಬಂದಿತು. ಆಮೇಲೆ ರಂಗದ ಮೇಲೆ ಯಾಂಗ್ ಬಾಗಿದಾಗಲೆಲ್ಲ ಅಲ್ಲಿ ಕಾಣದ ಹೂವೊಂದನ್ನು ಮೂಸತೊಡಗಿದಳು. ಸ್ನಾಯುಗಳ ಚಲನೆ ಒಂದಿಷ್ಟೂ ಬದಲಾಗಲಿಲ್ಲ; ಮತ್ತಳ ಚೇಷ್ಟೆ ಏಕಾಕಿನಿಯ ವಿಷಾದವಾಯಿತು. ಹೆಜ್ಜೆ ಮತ್ತು ಆಕಾರಗಳ ಸಂಬಂಧದ ಬಗ್ಗೆ ಯಾವ ಸಭೆಯಲ್ಲಿಯೂ ಇದಕ್ಕಿಂತ ಉತ್ತಮವಾದ ವಾದವನ್ನು ಮಂಡಿಸುವುದು ಸಾಧ್ಯವಿರಲಿಲ್ಲ.

1959ರಲ್ಲಿ ಅವರ ಕೊನೆಯ ಹೊಸ ನಾಟಕ ಬಂದಿತು. ಹನಾನ್ ಪ್ರಾಂತದ ಪ್ರಾದೇಶಿಕ ನಾಟಕವೊಂದರಿಂದ ಅಳವಡಿಸಿಕೊಂಡ ಅದು, ನಿವೃತ್ತಳಾದ ಸೇನಾನಿ ಮು ಗುಯ್‌ಯಿಂಗ್ ಮತ್ತೆ ಸೇನಾಧಿಪತ್ಯ ವಹಿಸಿಕೊಳ್ಳುವ ಕಥೆ. ಒಪ್ಪಬೇಕೋ ಬೇಡವೋ ಎಂಬ ತುಮುಲವನ್ನು ತೋರಿಸಲು ಮೆಯ್ ಹಾಡನ್ನು ಬಿಟ್ಟು, ವೀರಪುರುಷರ ಪಾತ್ರಗಳಿಗೆ ಮೀಸಲಾಗಿದ್ದ ತಾಳವಾದ್ಯದ ಗತಿಯೊಂದನ್ನು ಸ್ತ್ರೀಪಾತ್ರಕ್ಕೆ ತಂದು ಮೌನವಾಗಿ ಅಭಿನಯಿಸಿದರು. ಅರವತ್ತನ್ನು ದಾಟಿದ ಮೇಲೂ ಪಾತ್ರವರ್ಗಗಳ ಗೆರೆಯನ್ನು ದಾಟುವ ಹುಮ್ಮಸ್ಸು ಅವರಲ್ಲಿ ಉಳಿದಿತ್ತು. 1961ರ ಆಗಸ್ಟ್ 8ರಂದು ಹೃದ್ರೋಗದಿಂದ ಬೀಜಿಂಗ್‌ನಲ್ಲಿ ನಿಧನರಾದರು.

8. ಸಮಾರೋಪ

ಅವರ ಮರಣದ ಐದು ವರ್ಷಗಳ ನಂತರ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಸಾಂಪ್ರದಾಯಿಕ ನಾಟಕಗಳು ರಂಗದಿಂದ ಕಣ್ಮರೆಯಾದವು. ಆಧುನಿಕ ಉಡುಪಿನ ಕ್ರಾಂತಿಕಾರಿ ನಾಟಕಗಳು ಅವುಗಳ ಸ್ಥಾನದಲ್ಲಿ ನಿಂತವು. 1910ರ ದಶಕದಲ್ಲಿ ಮೆಯ್ ಆಡಿ ನೋಡಿ ಬಿಟ್ಟಿದ್ದ ಸಮಸ್ಯೆ ಹೀಗೆ ಅಧಿಕಾರದ ಬಲದೊಂದಿಗೆ ಮರಳಿತು. ಆ ಕಾಲ ಮುಗಿದ ಮೇಲೆ ಅವರ ನಾಟಕಗಳು ಶಿಷ್ಯರ ಮೂಲಕ, ಮುಖ್ಯವಾಗಿ ಸ್ತ್ರೀಪಾತ್ರವನ್ನೇ ಮುಂದುವರಿಸಿದ ಮಗ ಮೆಯ್ ಬಾವ್‌ಜಿಯು (1934–2016) ಅವರ ಮೂಲಕ ಪುನಃ ರಂಗಕ್ಕೆ ಬಂದವು. 1986ರಲ್ಲಿ ಬೀಜಿಂಗ್‌ನ ಅವರ ಮನೆ ಸ್ಮಾರಕ ವಸ್ತುಸಂಗ್ರಹಾಲಯವಾಯಿತು. 2010ರಲ್ಲಿ ಜಿಂಗ್‌ಜು ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಪರಂಪರೆಯ ಪಟ್ಟಿಗೆ ಸೇರಿದ ಕಲೆಯನ್ನು ಇದ್ದಂತೆಯೇ ಕಾಪಾಡಬೇಕೆಂಬ ಒತ್ತಾಯ ಸಹಜವಾಗಿ ಹುಟ್ಟುತ್ತದೆ. ಮೆಯ್ ಅವರ ಜೀವನ ಈ ನಿಲುವಿಗೂ, ಹಳೆಯದನ್ನು ಒಮ್ಮೆಗೇ ಕಿತ್ತುಹಾಕಬೇಕೆಂಬ ಅದರ ವಿರುದ್ಧ ನಿಲುವಿಗೂ ಸಮಾನವಾಗಿ ಪ್ರಶ್ನೆಯೊಡ್ಡುತ್ತದೆ. ಅವರು ಪಡೆದ ಕಲೆ ಮತ್ತು ಬಿಟ್ಟುಹೋದ ಕಲೆ ಒಂದೇ ಆಗಿರಲಿಲ್ಲ. ಉಡುಪು, ವಾದ್ಯ, ಪಾತ್ರವಿಭಾಗ, ಶ್ರುತಿ, ಭಂಗಿಯ ಅರ್ಥ ಎಲ್ಲವೂ ಬದಲಾಗಿದ್ದವು. ಆದರೆ ಯಾವ ಬದಲಾವಣೆಯನ್ನೂ ಅವರು ಹೊರಗಿನಿಂದ ಹೇರಲಿಲ್ಲ. ಒಂದೊಂದನ್ನೂ ಆ ಕಲೆಯದೇ ವ್ಯಾಕರಣದೊಳಗಿನಿಂದ ಎತ್ತಿ ತಂದರು. ಅದಕ್ಕೆ ಬೇಕಾದದ್ದು ದೀರ್ಘಾಭ್ಯಾಸದಿಂದ ಬಂದ ಅಧಿಕಾರ. 1949ರಲ್ಲಿ ಅವರಿಂದ ಹಿಂದಕ್ಕೆ ಪಡೆಸಲಾದ ಮಾತು ಅವರ ಐವತ್ತು ವರ್ಷಗಳ ರಂಗಕಾರ್ಯದಲ್ಲಿ ಅಳಿಸಲಾಗದಂತೆ ಉಳಿದಿದೆ.